ಹಿಂಚಕ್ರದ ಎರಡು ಸ್ವರ

ಗೇರ್ ಇರುವ ಸೈಕಲ್ಲೊಂದನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಅದರ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಹಿಂಚಕ್ರವನ್ನು ನೋಡಿ. ರಿಮ್ಮನ್ನು ಹಿಡಿಯುವ ಬ್ರೇಕಿನ ಸೈಕಲ್ಲಾದರೆ ಒಳ್ಳೆಯದು. ರಿಮ್ಮಿನಿಂದ ಹಬ್ಬಿಗೆ ಇಳಿಯುವ ಕಡ್ಡಿಗಳಲ್ಲಿ ಎಡಗಡೆಯವು ಓರೆಯಾಗಿ ಅಗಲಕ್ಕೆ ಚಾಚಿರುತ್ತವೆ. ಬಲಗಡೆಯವು, ಎಂದರೆ ಚೈನಿನ ಕಡೆಯವು, ಹೆಚ್ಚುಕಡಿಮೆ ನೆಟ್ಟಗೆ ಇಳಿದಿರುತ್ತವೆ. ಮುಂಚಕ್ರದಲ್ಲಿ ಈ ಭೇದ ಕಾಣುವುದಿಲ್ಲ. ಈಗ ಒಂದೊಂದು ಕಡ್ಡಿಯನ್ನು ಉಗುರಿನಿಂದ ಮೀಟಿ ಕೇಳಿ. ಎಡದ ಕಡ್ಡಿಗಳ ದನಿ ತಗ್ಗು, ಬಲದ್ದು ಏರು. ಎಡದ್ದನ್ನು ಷಡ್ಜ ಎಂದಿಟ್ಟುಕೊಂಡರೆ, ಚೆನ್ನಾಗಿ ಕಟ್ಟಿದ ಚಕ್ರದಲ್ಲಿ ಬಲದ್ದು ಶುದ್ಧ ಮಧ್ಯಮದ ಆಸುಪಾಸಿಗೆ ಬರುತ್ತದೆ.

ಒಂದೇ ಚಕ್ರ, ಒಂದೇ ಅಳತೆಯ ತಂತಿ, ಎರಡು ಸ್ವರ. ಏಕೆ?

ಸೈಕಲ್ ಇಟ್ಟುಕೊಂಡವರಿಗೆಲ್ಲ ಇನ್ನೊಂದು ಸಂಗತಿ ಗೊತ್ತು. ಬೆಂಡ್ ಆಗುವುದು, ಕಡ್ಡಿ ಮುರಿಯುವುದು ಹಿಂಚಕ್ರದಲ್ಲೇ ಜಾಸ್ತಿ. ಹಳೆಯ ಸೈಕಲ್ಲನ್ನು ಮತ್ತೆ ಓಡಿಸಲು ಹೊರಟವರಿಗೆ ಮೂರನೆಯದೂ ಗೊತ್ತು: ಅಂಗಡಿಯಿಂದ ಹೊಸ ಹಿಂಚಕ್ರ ತಂದರೆ ಅದು ಹಳೆ ಫ್ರೇಮಿನೊಳಗೆ ಕೂರುವುದಿಲ್ಲ. ಕೂತರೂ ಒಂದು ಬದಿಗೆ ವಾಲಿ ಬ್ರೇಕಿಗೆ ಉಜ್ಜುತ್ತದೆ. ಈ ಮೂರೂ ಒಂದೇ ಗಂಟಿನ ಎಳೆಗಳು. ಆ ಗಂಟನ್ನು ಬಿಚ್ಚುವುದು ಈ ಅಧ್ಯಾಯದ ಕೆಲಸ.

ಒಂದು ಸೆಂಟಿಮೀಟರಿನ ಜಗಳ

1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೈಕಲ್ಲಿನ ಸುಗ್ಗಿ ನಡೆಯಿತು. 1973ರ ಒಂದೇ ವರ್ಷದಲ್ಲಿ ಅಲ್ಲಿ ಸುಮಾರು ಒಂದೂವರೆ ಕೋಟಿ ಸೈಕಲ್ಲುಗಳು ಮಾರಾಟವಾದವು. ಫ್ರಾನ್ಸಿನ ಪೆಜೊ, ಇಂಗ್ಲೆಂಡಿನ ರ‍್ಯಾಲಿ, ಅಮೆರಿಕದ್ದೇ ಆದ ಷ್ವಿನ್ ಹೀಗೆ ಹಲವು ಕಂಪನಿಗಳ ‘ಟೆನ್ ಸ್ಪೀಡ್’ ಸೈಕಲ್ಲುಗಳು ಮನೆಮನೆಗೆ ಬಂದವು. ಪೆಡಲಿನ ಹತ್ತಿರ ಎರಡು, ಹಿಂದೆ ಐದು ಹಲ್ಲುಚಕ್ರಗಳು, ಎರಡೈದಲಿ ಹತ್ತು. ಉಕ್ಕಿನ ಕೊಳವೆಗಳ ಆ ಫ್ರೇಮುಗಳು ಇಂದಿಗೂ ಗಟ್ಟಿಯಾಗಿವೆ. ಅಮೆರಿಕ, ಇಂಗ್ಲೆಂಡುಗಳ ವಿಶ್ವವಿದ್ಯಾಲಯದ ಊರುಗಳಲ್ಲಿ ಮನೆ ಖಾಲಿ ಮಾಡುವವರ ಗ್ಯಾರೇಜಿನಿಂದ ಅವು ಅಗ್ಗಕ್ಕೆ ಸಿಗುತ್ತವೆ. ನಮ್ಮಲ್ಲಿಂದ ಓದಲು ಹೋದ ಹುಡುಗ ಹುಡುಗಿಯರ ಮೊದಲ ವಾಹನ ಎಷ್ಟೋ ಸಲ ಇಂಥದ್ದೇ ಆಗಿರುತ್ತದೆ.

ಫ್ರೇಮು ಉಳಿದರೂ ಹಿಂಚಕ್ರ ಉಳಿಯುವುದಿಲ್ಲ. ರಿಮ್ಮು ಸವೆಯುತ್ತದೆ, ಆಕ್ಸಲ್ ಬಾಗುತ್ತದೆ. ಹೊಸದನ್ನು ತರಿಸಿದರೆ ಜಗಳ ಶುರು. ಫ್ರೇಮಿನ ಹಿಂಭಾಗದಲ್ಲಿ ಚಕ್ರವನ್ನು ಎರಡೂ ಕಡೆಯಿಂದ ಹಿಡಿಯುವ ಕೊಳವೆಗಳಿವೆಯಲ್ಲ, ಅವನ್ನು ಹಿಂಗವಲು ಎಂದು ಕರೆಯೋಣ. ಆಕ್ಸಲ್ ಕೂರುವ ಸೀಳುಗಳು ಕವಲಿನ ತುದಿಯಲ್ಲಿವೆ. ಆ ಎರಡು ತುದಿಗಳ ಒಳಮೈ ನಡುವಿನ ತೆರಪು ಕವಲಗಲ. 1970ರ ಟೆನ್ ಸ್ಪೀಡ್ ಫ್ರೇಮಿನಲ್ಲಿ ಅದು ಸಾಮಾನ್ಯವಾಗಿ 120 ಮಿ.ಮೀ. ರಿಮ್ ಬ್ರೇಕಿನ ಈಗಿನ ರೋಡ್ ಸೈಕಲ್ಲಿನ ಹಿಂಚಕ್ರಕ್ಕೆ ಬೇಕಾದದ್ದು 130. ನಡುವೆ ಒಂದು ಸೆಂಟಿಮೀಟರ್ ಕೊರತೆ.

ಕಂಪನಿಗಳು ಹೊಸ ಮಾಲು ಮಾರಲು ಅಳತೆ ಬದಲಿಸುತ್ತವೆ ಎನ್ನುವ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಈ ಒಂದು ವಿಷಯದಲ್ಲಿ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆ ಹತ್ತು ಮಿಲಿಮೀಟರಿಗೆ ಕಾರಣ ಚಕ್ರದ ಒಳಗೇ ಇದೆ.

ನಡುಗೆರೆ ಬಿಡುವಂತಿಲ್ಲ

ಸೈಕಲ್ಲಿನ ಹ್ಯಾಂಡಲಿನಿಂದ ಸೀಟಿನವರೆಗೆ, ಅಲ್ಲಿಂದ ಹಿಂದಿನ ಟೈರಿನವರೆಗೆ ನೇರ ಗೆರೆಯೊಂದನ್ನು ಎಳೆಯಿರಿ. ಮುಂದಿನ ಟೈರು, ಸೀಟು, ಹಿಂದಿನ ಟೈರು ಮೂರೂ ಈ ನಡುಗೆರೆಯ ಮೇಲಿರಬೇಕು. ಹಿಂದಿನದು ಪಕ್ಕಕ್ಕೆ ಸರಿದರೆ ಎರಡು ಚಕ್ರ ಎರಡು ಜಾಡಿನಲ್ಲಿ ಓಡುತ್ತವೆ, ಸೈಕಲ್ಲು ಒಂದು ಕಡೆಗೆ ಎಳೆಯುತ್ತದೆ, ಬ್ರೇಕಿನ ರಬ್ಬರು ಒಂದೇ ಬದಿಗೆ ಸವೆಯುತ್ತದೆ. ಹಾಗಾಗಿ ರಿಮ್ಮು ಕವಲಿನ ಎರಡು ತುದಿಗಳಿಗೆ ಸರಿಯಾಗಿ ನಡುವೆ ಇರಲೇಬೇಕು.

ಹಬ್ಬಿಗೆ ಈ ಕಟ್ಟುಪಾಡಿಲ್ಲ, ಇರಲು ಸಾಧ್ಯವೂ ಇಲ್ಲ. ಹಬ್ಬಿನ ಎರಡು ತುದಿಗಳಲ್ಲಿ ಕಡ್ಡಿ ಸಿಕ್ಕಿಸುವ ತೂತುಗಳ ಬಿಲ್ಲೆಗಳಿವೆ. ಮೆಕ್ಯಾನಿಕ್ಕುಗಳು ಫ್ಲ್ಯಾಂಜ್ ಎನ್ನುವುದು ಇವಕ್ಕೇ. ಬಲಬಿಲ್ಲೆಗೂ ಕವಲಿನ ಬಲತುದಿಗೂ ನಡುವೆ ಹಲ್ಲುಚಕ್ರಗಳ ಸಾಲು ಕೂರಬೇಕು. ಎಡಗಡೆ ಅಂಥದ್ದೇನೂ ಇಲ್ಲ, ಅಲ್ಲಿ ಬಿಲ್ಲೆ ಕವಲಿನ ತುದಿಯವರೆಗೂ ಹೋಗಬಹುದು. ಹಲ್ಲುಚಕ್ರ ಹೆಚ್ಚಿದಷ್ಟೂ ಬಲಬಿಲ್ಲೆ ಒಳಗೊಳಗೆ ಸರಿಯುತ್ತದೆ. 130 ಮಿ.ಮೀ. ಅಗಲದ ಹತ್ತು ಗೇರಿನ ಹಬ್ಬೊಂದನ್ನು ಅಳೆದರೆ ನಡುಗೆರೆಯಿಂದ ಎಡಬಿಲ್ಲೆ ಸುಮಾರು 37 ಮಿ.ಮೀ. ದೂರದಲ್ಲಿ, ಬಲಬಿಲ್ಲೆ ಸುಮಾರು 20 ಮಿ.ಮೀ. ದೂರದಲ್ಲಿ ಇರುತ್ತದೆ.

ರಿಮ್ಮು ನಡುವೆ, ಹಬ್ಬಿನ ಬಿಲ್ಲೆಗಳು ಮಾತ್ರ ಎಡಕ್ಕೆ ಸರಿದಿವೆ. ಹಿಂದೆ ಕೂತು ನೋಡಿದಾಗ ಕಂಡ ಓರೆ ಇದೇ. ಇದನ್ನು ಓರೆಕಟ್ಟು ಎನ್ನೋಣ; ಚಕ್ರ ಕಟ್ಟುವವರ ಬಾಯಲ್ಲಿ ಇದು ಡಿಶ್.

ಗೂಟ ಹತ್ತಿರವಾದರೆ ಹಗ್ಗ ಬಿಗಿ

ಚಪ್ಪರಕ್ಕೆ ಒಂಟಿ ಕಂಬ ನೆಟ್ಟು, ಅದರ ತುದಿಯಿಂದ ಎಡಕ್ಕೊಂದು ಬಲಕ್ಕೊಂದು ಹಗ್ಗ ಎಳೆದು ಗೂಟಕ್ಕೆ ಕಟ್ಟಿದ್ದೀರಿ ಎಂದುಕೊಳ್ಳಿ. ಎಡದ ಗೂಟವನ್ನು ದೂರ ಹೊಡೆಯಲು ಜಾಗವಿತ್ತು. ಬಲಕ್ಕೆ ಗೋಡೆ ಅಡ್ಡ ಬಂದು ಗೂಟ ಕಂಬದ ಬುಡಕ್ಕೇ ಬಂತು. ಎರಡೂ ಹಗ್ಗವನ್ನು ಒಂದೇ ಬಿಗಿಯಲ್ಲಿ ಎಳೆದರೆ ಕಂಬ ಎಡಕ್ಕೆ ವಾಲುತ್ತದೆ. ದೂರದ ಗೂಟಕ್ಕೆ ಕಟ್ಟಿದ ಹಗ್ಗದ ಎಳೆತ ಹೆಚ್ಚಾಗಿ ಪಕ್ಕಕ್ಕೆ ಕೆಲಸ ಮಾಡುತ್ತದೆ, ಬುಡದ ಗೂಟಕ್ಕೆ ಕಟ್ಟಿದ್ದು ಕಂಬವನ್ನು ಕೆಳಕ್ಕೇ ಒತ್ತುತ್ತದೆ. ಕಂಬ ನೆಟ್ಟಗೆ ನಿಲ್ಲಬೇಕಾದರೆ ಬಲದ ಹಗ್ಗವನ್ನು ಇನ್ನಷ್ಟು ಬಿಗಿಯಬೇಕು.

ಕಂಬದ ತುದಿಯ ಜಾಗದಲ್ಲಿ ರಿಮ್ಮನ್ನೂ ಗೂಟಗಳ ಜಾಗದಲ್ಲಿ ಎರಡು ಬಿಲ್ಲೆಗಳನ್ನೂ ಇಡಿ. ಲೆಕ್ಕ ಬಹಳ ಸರಳ. ಒಂದು ಬದಿಯ ಬಿಗಿಯನ್ನು ಆ ಬಿಲ್ಲೆಯ ದೂರದಿಂದ ಗುಣಿಸಿದರೆ ಬರುವ ಸಂಖ್ಯೆ ಎರಡೂ ಬದಿಗೆ ಒಂದೇ ಆಗಬೇಕು. ಬಲದ ಒಂದೊಂದು ಕಡ್ಡಿಯನ್ನು 100 ಕಿಲೋ ತೂಕ ನೇತುಹಾಕಿದಷ್ಟು ಬಿಗಿದಿದ್ದರೆ, 20ರಿಂದ ಗುಣಿಸಿ 2000. ಎಡಗಡೆ 37ರಿಂದ ಗುಣಿಸಿ 2000 ಬರಬೇಕಾದರೆ ಬಿಗಿ 54 ಕಿಲೋ. ಎಡದ ಕಡ್ಡಿಯನ್ನು ಇದಕ್ಕಿಂತ ಬಿಗಿದರೆ ರಿಮ್ಮು ಎಡಕ್ಕೆ ಬರುತ್ತದೆ. ಎಂಥ ಪಳಗಿದ ಕೈಯೂ ಇದನ್ನು ಮೀರಲಾರದು.

ಎರಡು ಸ್ವರದ ಗುಟ್ಟೂ ಇಲ್ಲೇ ಇದೆ. ತಂತಿಯ ಬಿಗಿ ಅರ್ಧಕ್ಕಿಳಿದರೆ ಅದರ ಕಂಪನದ ವೇಗ ಅರ್ಧಕ್ಕಿಳಿಯುವುದಿಲ್ಲ, ಮುಕ್ಕಾಲಿನ ಹತ್ತಿರಕ್ಕೆ ಇಳಿಯುತ್ತದೆ. ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವ ಪ್ರಮಾಣ ಮೂರಕ್ಕೆ ನಾಲ್ಕು. ಕಿವಿ ಹೇಳಿದ್ದು ಅಳತೆಪಟ್ಟಿ ಹೇಳಿದ್ದಕ್ಕೆ ಸರಿಹೊಂದುತ್ತದೆ.

ಸಡಿಲವಿದ್ದದ್ದೇ ಮೊದಲು ದಣಿಯುತ್ತದೆ

ಬಿಗಿ ಕಡಿಮೆ ಇದ್ದರೆ ಕಡ್ಡಿಗೆ ಆರಾಮವಲ್ಲವೇ ಎಂದು ಅನ್ನಿಸಬಹುದು. ಆರಾಮವಿಲ್ಲ. ಇದನ್ನು ಅರಿಯಲು ಚಕ್ರ ಭಾರ ಹೊರುವ ಬಗೆಯನ್ನು ಕೊಂಚ ನೋಡಬೇಕು.

ಸೈಕಲ್ಲಿನ ಕಡ್ಡಿ ತೆಳು ತಂತಿ. ಒತ್ತಿದರೆ ಬಳುಕುತ್ತದೆ, ಎಳೆದರೆ ಮಾತ್ರ ತಡೆಯುತ್ತದೆ. ಆದ್ದರಿಂದಲೇ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದಿಟ್ಟಿರುತ್ತಾರೆ. ನೀವು ಸೀಟಿನ ಮೇಲೆ ಕೂತಾಗ ರಿಮ್ಮಿನ ಕೆಳಭಾಗ, ನೆಲಕ್ಕೆ ತಾಗಿದ ಕಡೆ, ಕೂದಲೆಳೆಯಷ್ಟು ಒಳಕ್ಕೆ ಒತ್ತುತ್ತದೆ. ಅಲ್ಲಿನ ನಾಲ್ಕೈದು ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಭಾರ ಹೊರುವುದೆಂದರೆ ಹೀಗೆ ಕೆಳಗಿನ ಕಡ್ಡಿಗಳು ತಮ್ಮ ಬಿಗಿಯನ್ನು ಬಿಟ್ಟುಕೊಡುವುದು. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಸೈಕಲ್ ಚಕ್ರದ ಬಗ್ಗೆಯೇ ಬರೆದ ಪುಸ್ತಕದಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದರು.

ಚಕ್ರ ಒಂದು ಸುತ್ತು ಬಂದರೆ ಪ್ರತಿ ಕಡ್ಡಿಯೂ ಒಮ್ಮೆ ಕೆಳಗೆ ಬಂದು ಸಡಿಲವಾಗಿ, ಮೇಲೆ ಹೋಗಿ ಬಿಗಿಯುತ್ತದೆ. ರೋಡ್ ಸೈಕಲ್ಲಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 475 ಸುತ್ತು ತಿರುಗುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ 47 ಲಕ್ಷ ಸಲ ಈ ಏರಿಳಿತ. ಒಳ್ಳೆಯ ಉಕ್ಕಿನ 2 ಮಿ.ಮೀ. ಕಡ್ಡಿಯನ್ನು ಒಂದೇ ಸಲಕ್ಕೆ ಎಳೆದು ತುಂಡರಿಸಲು ಸುಮಾರು 300 ಕಿಲೋ ಬೇಕು. ದಾರಿಯಲ್ಲಿ ಅದು ಮುರಿಯುವುದು ಅಂಥ ಎಳೆತದಿಂದಲ್ಲ, ಈ ಏರಿಳಿತದಿಂದ. ಲೋಹದ ಈ ದಣಿವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಆಕ್ಸಲ್ಲುಗಳಲ್ಲಿ ಕ್ರಮವಾಗಿ ಅಭ್ಯಾಸ ಮಾಡಿದ. ಸೈಕಲ್ಲಿನ ಕಡ್ಡಿಯಲ್ಲಿ ಅದು ಹಬ್ಬಿನ ಬಿಲ್ಲೆಯಲ್ಲಿ ಸಿಕ್ಕಿಕೊಳ್ಳುವ ಮೊಣಕೈ ಬಾಗಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಈಗ 54 ಕಿಲೋ ಬಿಗಿಯ ಎಡಗಡ್ಡಿಯ ಪಾಡು ನೋಡಿ. ಕ್ಯಾರಿಯರ್ ಮೇಲೆ ಮೂಟೆ ಇದೆ, ಚಕ್ರ ಗುಂಡಿಗೆ ಇಳಿಯಿತು. ಬಲದ ಕಡ್ಡಿ ತನ್ನ 100ರಲ್ಲಿ ಒಂದಷ್ಟು ಕಳೆದುಕೊಂಡರೂ ಬಿಗಿಯಾಗೇ ಉಳಿಯುತ್ತದೆ. ಎಡದ್ದು ಸೊನ್ನೆಗೆ ಇಳಿಯಬಹುದು. ಪೂರಾ ಸಡಿಲಾದ ಆ ಗಳಿಗೆಯಲ್ಲಿ ಕಡ್ಡಿಯ ಮೊಣಕೈ ಬಿಲ್ಲೆಯೊಳಗೆ ಅಲುಗುತ್ತದೆ, ರಿಮ್ಮಿನ ಹತ್ತಿರ ಕಡ್ಡಿಯನ್ನು ಬಿಗಿಹಿಡಿಯುವ ನಟ್ಟು, ಎಂದರೆ ನಿಪ್ಪಲ್, ಒಂದಿಷ್ಟು ತಿರುಗಿ ಬಿಚ್ಚಿಕೊಳ್ಳುತ್ತದೆ. ಮತ್ತೆ ಗುಂಡಿ, ಮತ್ತಷ್ಟು ಸಡಿಲು. ಚಕ್ರ ಬೆಂಡ್ ಆಯಿತು ಎಂದು ನಾವು ಅಂಗಡಿಗೆ ಒಯ್ಯುವುದು ಬಹುಪಾಲು ಇದಾದ ಮೇಲೆ. ಅತ್ತ ಬಲದ ಕಡ್ಡಿಗಳಿಗೆ ಸದಾ ಹೆಚ್ಚಿನ ಬಿಗಿ, ಮೇಲೆ ಪೆಡಲ್ ತುಳಿದಾಗಲೆಲ್ಲ ಚೈನಿನ ಎಳೆತ. ಅವು ತಮ್ಮದೇ ರೀತಿಯಲ್ಲಿ ದಣಿಯುತ್ತವೆ. ಮುಂಚಕ್ರಕ್ಕೆ ಈ ಎರಡೂ ಕಾಟವಿಲ್ಲ, ಅದರ ಮೇಲೆ ಬೀಳುವ ಭಾರವೂ ಕಡಿಮೆ.

ಬಲ್ಲವರು ಎಡಗಡೆಗೆ ತೆಳುವಾದ ಕಡ್ಡಿ ಹಾಕುತ್ತಾರೆ. ತೆಳುಕಡ್ಡಿ ಅದೇ ಬಿಗಿಗೆ ಹೆಚ್ಚು ಹಿಗ್ಗಿರುತ್ತದೆ. ಆದ್ದರಿಂದ ರಿಮ್ಮು ಒಳಕ್ಕೆ ಒತ್ತಿದಾಗಲೂ ಅದರಲ್ಲಿ ಬಿಗಿ ಪೂರ್ತಿ ಆರುವುದಿಲ್ಲ. ತೆಳುಕಡ್ಡಿಯಿಂದ ಚಕ್ರ ಹೆಚ್ಚು ಬಾಳುತ್ತದೆ ಎಂಬುದು ಕೇಳಲು ವಿಚಿತ್ರ. ಆದರೂ ನಿಜ.

ಕವಲು ಅಗಲವಾದ ಬಗೆ

ಹಿಂಚಕ್ರ ಹುಟ್ಟಿನಿಂದಲೇ ಓರೆಯಾಗಿರಲಿಲ್ಲ. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರಿಗೆ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮುಂಚೆ ಸ್ಪರ್ಧಿಗಳ ಹಿಂಚಕ್ರದಲ್ಲಿ ಎಡಕ್ಕೂ ಬಲಕ್ಕೂ ಒಂದೊಂದು ಅಳತೆಯ ಹಲ್ಲುಚಕ್ರ ಇರುತ್ತಿತ್ತು. ಘಾಟಿ ಬಂದಾಗ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಹಾಗೆ ತಿರುಗಿಸಿ ಹಾಕುವ ಚಕ್ರಕ್ಕೆ ಎಡಬಲ ಸಮವಾಗಿರದೆ ದಾರಿಯಿರಲಿಲ್ಲ. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಸನ್ನೆಯನ್ನು ಇಟಲಿಯ ತುಲ್ಲಿಯೊ ಕಂಪಾನ್ಯೋಲೊ ರೂಪಿಸಿದ್ದೂ ಆ ಕಾಲದಲ್ಲೇ.

ಡಿರೇಲರ್ ಬಂದ ಮೇಲೆ ಹಲ್ಲುಚಕ್ರಗಳೆಲ್ಲ ಬಲಕ್ಕೇ ಸೇರಿದವು. ಐದು ಹಲ್ಲುಚಕ್ರದ ಕಾಲಕ್ಕೆ ಕವಲಗಲ 120. ಆರು, ಏಳಕ್ಕೆ 126. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಎಂಟು ಬಂದಾಗ 130. ಬೆಟ್ಟಗುಡ್ಡದ ಎಂಟಿಬಿ ಸೈಕಲ್ಲುಗಳಿಗೆ 135. ಆಮೇಲೆ ಒಂಬತ್ತು, ಹತ್ತು, ಹನ್ನೊಂದು ಬಂದರೂ ರೋಡ್ ಸೈಕಲ್ಲು 130ರಲ್ಲೇ ನಿಂತಿತು. ಚೈನನ್ನೂ ಹಲ್ಲುಚಕ್ರಗಳನ್ನೂ ತೆಳುವಾಗಿಸಿ ಜಾಗ ಹೊಂದಿಸಿದರು. ಈಗ ಹೆಚ್ಚುತ್ತಿರುವ ಡಿಸ್ಕ್ ಬ್ರೇಕು ಎಡಗಡೆಯೂ ಜಾಗ ಕೇಳುತ್ತದೆ. ಅದರಿಂದ ಎಡಬಿಲ್ಲೆಯೂ ಒಳಕ್ಕೆ ಸರಿದು ಎರಡು ಬದಿಯ ಬಿಗಿ ಹತ್ತಿರ ಹತ್ತಿರ ಬಂದಿದೆ, ಆದರೆ ಎರಡೂ ಬಿಲ್ಲೆ ಒಳಗಾದದ್ದರಿಂದ ಪಕ್ಕದ ಒತ್ತಡ ತಡೆಯುವ ಶಕ್ತಿ ಒಂದಿಷ್ಟು ತಗ್ಗಿದೆ. ಹೊಸ ಡಿಸ್ಕ್ ಸೈಕಲ್ಲುಗಳ ಕವಲು ಇನ್ನೂ ಅಗಲವಾಗಿರುವುದು ಇದಕ್ಕೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕವಲನ್ನು 10 ಮಿ.ಮೀ. ಅಗಲ ಮಾಡಿದರೆ ಬಲಕ್ಕೆ ಸಿಗುವುದು 5 ಮಿ.ಮೀ. ಮಾತ್ರ, ಏಕೆಂದರೆ ರಿಮ್ಮು ನಡುವೆಯೇ ಇರಬೇಕು. ಹಲ್ಲುಚಕ್ರಗಳು ಕೇಳಿದಷ್ಟನ್ನು ಕವಲು ಕೊಡಲು ಎಂದೂ ಆಗಲಿಲ್ಲ. ಉಳಿದದ್ದನ್ನು ಬಲಬಿಲ್ಲೆಯೇ ಒಳಗೆ ಸರಿದು ತೆತ್ತಿತು.

ಹಾಗಾದರೆ ಹಳೆಯ 120 ಮಿ.ಮೀ. ಹಬ್ಬಿಗೇ ಉದ್ದದ ಆಕ್ಸಲ್ ಹಾಕಿ, ಎಂಟು ಹಲ್ಲುಚಕ್ರಗಳ ಗೊಂಚಲನ್ನು, ಎಂದರೆ ಫ್ರೀವೀಲನ್ನು, ತಿರುಗಿಸಿ ಕೂರಿಸಿದರೆ? ಹಳೆ ಮಾದರಿಯಲ್ಲಿ ಬಲದ ಬೇರಿಂಗ್ ಫ್ರೀವೀಲಿನ ಒಳಗಡೆ, ಹಬ್ಬಿನಲ್ಲೇ ಇರುತ್ತದೆ. ಅಲ್ಲಿಂದ ಕವಲಿನ ತುದಿಯವರೆಗೆ ಆಕ್ಸಲ್ಲಿಗೆ ಆಸರೆಯೇ ಇಲ್ಲ. ಫ್ರೀವೀಲ್ ಅಗಲವಾದಷ್ಟೂ ಈ ಆಸರೆಯಿಲ್ಲದ ಭಾಗ ಉದ್ದವಾಗಿ ಆಕ್ಸಲ್ ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ಜಪಾನಿನ ಶಿಮಾನೊ 1978ರಲ್ಲಿ ತಂದ ಫ್ರೀಹಬ್ ಬೇರಿಂಗನ್ನು ಹೊರಗೆ, ಕವಲಿನ ತುದಿಯ ಹತ್ತಿರಕ್ಕೆ ಒಯ್ದಿತು. ಹೊಸ ಚಕ್ರ ಹಾಕಿಸುವುದರ ನಿಜವಾದ ಲಾಭ ನನ್ನ ಲೆಕ್ಕದಲ್ಲಿ ಗೇರುಗಳಿಗಿಂತ ಇದೇ.

ವಾಷರ್ ತೆಗೆಯುವ ಅಗ್ಗದ ದಾರಿ

ಮೊದಲು 126ರ ಫ್ರೇಮನ್ನು ತೆಗೆದುಕೊಳ್ಳಿ, ಕೊರತೆ ನಾಲ್ಕೇ ಮಿಲಿಮೀಟರ್. ಕೆಲವು ಅಂಗಡಿಗಳಲ್ಲಿ ಇದಕ್ಕೆ ಹಬ್ಬಿನ ಎಡತುದಿಯಿಂದ 4 ಮಿ.ಮೀ.ಯ ವಾಷರ್ ತೆಗೆದು ಆಕ್ಸಲನ್ನು ಗಿಡ್ಡ ಮಾಡಿಕೊಡುತ್ತಾರೆ. ಚಕ್ರ ಸಲೀಸಾಗಿ ಕೂರುತ್ತದೆ. ಆದರೆ ಹಬ್ಬಿನ ನಡುವು 2 ಮಿ.ಮೀ. ಬಲಕ್ಕೆ ಸರಿಯಿತು, ರಿಮ್ಮನ್ನೂ ಅಷ್ಟೇ ಬಲಕ್ಕೆ ಎಳೆಯಬೇಕಾಯಿತು. ಬಿಲ್ಲೆಗಳ ದೂರ ಈಗ ಬಲಕ್ಕೆ 18, ಎಡಕ್ಕೆ 39. ಬಲದ ಬಿಗಿ 100 ಇದ್ದರೆ ಎಡದ್ದು 46ಕ್ಕೆ ಕುಸಿಯಿತು. ಮೊದಲೇ ಸೊರಗಿದ್ದ ಎಡಗಡ್ಡಿಯನ್ನು ಇನ್ನಷ್ಟು ಸೊರಗಿಸಿದಂತಾಯಿತು. ತೆಳ್ಳಗಿನ, ಭಾರ ಹೊರದ ಸವಾರನಿಗೆ ಹೇಗೋ ನಡೆದೀತು. ಕ್ಯಾರಿಯರ್ ಕಟ್ಟಿಕೊಂಡು ಓಡಾಡುವವರಿಗೆ ನಾನು ಇದನ್ನು ಖಂಡಿತ ಸೂಚಿಸಲಾರೆ.

ಇದನ್ನೇ ತಿರುಗಿಸಿ ನೋಡಿ. 130ರ ಹಬ್ಬಿಗೆ ಎಡಕ್ಕೆ 5 ಮಿ.ಮೀ. ವಾಷರ್ ಸೇರಿಸಿ 135ರ ಫ್ರೇಮಿಗೆ ಹಾಕಿದರೆ ದೂರಗಳು 22.5 ಮತ್ತು 34.5 ಆಗುತ್ತವೆ, ಎಡದ ಬಿಗಿ 65ಕ್ಕೆ ಏರುತ್ತದೆ. ಅದೇ ಹಬ್ಬು, ಅದೇ ರಿಮ್ಮು; ಒಂದು ವಾಷರಿನಿಂದ ಚಕ್ರದ ಆಯಸ್ಸು ಬದಲಾಗುತ್ತದೆ.

ಉಕ್ಕನ್ನು ಒಲಿಸಿಕೊಳ್ಳುವುದು

ಚಕ್ರವನ್ನು ಕಿರಿದು ಮಾಡುವ ಬದಲು ಕವಲನ್ನೇ ಅಗಲಿಸಬಹುದು. ಇದು ಉಕ್ಕಿನಲ್ಲಿ ಮಾತ್ರ ಕ್ಷೇಮ. ಉಕ್ಕಿಗೆ ಎರಡು ಬಗೆಯ ಬಾಗು ಇದೆ. ಕಡಿಮೆ ಎಳೆದರೆ ಎಷ್ಟು ಎಳೆದಿರೋ ಅಷ್ಟಕ್ಕೆ ತಕ್ಕಂತೆ ಬಾಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಇದು ಮರಳುವ ಬಾಗು. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇದೇ. ಒಂದು ಮಿತಿ ದಾಟಿ ಎಳೆದರೆ ಒಂದಷ್ಟು ಮರಳಿ, ಉಳಿದದ್ದು ಹಾಗೇ ನಿಲ್ಲುತ್ತದೆ. ಇದು ನಿಲ್ಲುವ ಬಾಗು.

126ರ ಕವಲಿಗೆ 130ರ ಚಕ್ರವಾದರೆ ಮರಳುವ ಬಾಗೇ ಸಾಕು. ಬದಿಗೆ 2 ಮಿ.ಮೀ.; ಎರಡೂ ಕೈಯಿಂದ ಅಗಲಿಸಿ ಚಕ್ರವನ್ನು ಒಳಗಿಟ್ಟರಾಯಿತು. ಉಕ್ಕು ಇಷ್ಟನ್ನು ವರ್ಷಗಟ್ಟಲೆ ತಾಳುತ್ತದೆ. 120ರಿಂದ 130ಕ್ಕೆ ಬದಿಗೆ 5 ಮಿ.ಮೀ. ಬೇಕು, ಆಗ ನಿಲ್ಲುವ ಬಾಗನ್ನು ಉಂಟುಮಾಡಬೇಕು. ಮೆಕ್ಯಾನಿಕ್ಕುಗಳು ಕೋಲ್ಡ್ ಸೆಟ್ ಎನ್ನುವ ಕೆಲಸವಿದು, ಬೆಂಕಿ ಬೇಡ. ಮ್ಯಾಸಚೂಸೆಟ್ಸಿನ ಮೆಕ್ಯಾನಿಕ್ ಶೆಲ್ಡನ್ ಬ್ರೌನ್, 2008ರಲ್ಲಿ ತೀರಿಕೊಂಡವರು, ಜಗತ್ತಿನ ಹವ್ಯಾಸಿಗಳಿಗೆಲ್ಲ ಇದನ್ನು ಬಿಡಿಸಿ ಹೇಳಿಕೊಟ್ಟರು. ಐದಡಿ ಉದ್ದದ ಮರದ ತೊಲೆಯನ್ನು ಸೀಟಿನ ಕೊಳವೆಗೆ ಆನಿಸಿ, ಸನ್ನೆಯಂತೆ ಬಳಸಿ, ಕವಲಿನ ಒಂದೊಂದು ಬದಿಯನ್ನೇ ಹೊರಕ್ಕೆ ಎಳೆಯುವುದು ಅವರ ಕ್ರಮ. ಎರಡನ್ನೂ ಒಟ್ಟಿಗೆ ಎಳೆದರೆ ಮೆತ್ತಗಿರುವ ಬದಿಯೇ ಪೂರ್ತಿ ಬಾಗಿ ಇನ್ನೊಂದು ಅಲ್ಲೇ ನಿಲ್ಲುತ್ತದೆ.

ಎಳೆದು, ಬಿಟ್ಟು, ಅಳೆದು, ಮತ್ತೆ ಎಳೆಯುವ ತಾಳ್ಮೆ ಬೇಕು. 5 ಮಿ.ಮೀ. ನಿಲ್ಲಬೇಕಾದರೆ ಅದರ ಹಲವು ಪಟ್ಟು ಎಳೆಯಬೇಕಾಗುತ್ತದೆ, ಉಳಿದದ್ದು ಮರಳುತ್ತದೆ. ಎರಡು ಬದಿ ಸಮವಾಯಿತೇ ಎಂದು ನೋಡಲು ಒಂದು ದಾರ ಸಾಕು. ಕವಲಿನ ಒಂದು ತುದಿಗೆ ಕಟ್ಟಿ, ಹ್ಯಾಂಡಲಿನ ಕೆಳಗಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ತುದಿಗೆ ತಂದು ಬಿಗಿಯಿರಿ. ಸೀಟಿನ ಕೊಳವೆಯಿಂದ ಎರಡೂ ಕಡೆಯ ದಾರಕ್ಕೆ ಇರುವ ದೂರ ಒಂದೇ ಆಗಿರಬೇಕು.

ಇಷ್ಟಕ್ಕೇ ನಿಲ್ಲಿಸಿದವರು ಆಮೇಲೆ ಆಕ್ಸಲ್ ಮುರಿದುಕೊಳ್ಳುತ್ತಾರೆ. ಕವಲಿನ ಕೊಳವೆ ಸುಮಾರು 42 ಸೆಂ.ಮೀ. ಉದ್ದ, ಅದರ ತುದಿ 5 ಮಿ.ಮೀ. ಹೊರಕ್ಕೆ ಹೋದರೆ ತುದಿಯ ತಗಡು ಸುಮಾರು 0.7 ಡಿಗ್ರಿ ತಿರುಗುತ್ತದೆ. ಎರಡೂ ತುದಿ ಸೇರಿ 1.4 ಡಿಗ್ರಿ. ಸಮಾನಾಂತರವಲ್ಲದ ಆ ಎರಡು ಮುಖಗಳ ನಡುವೆ ನಟ್ಟು ಬಿಗಿದಾಗ ಆಕ್ಸಲ್ ಪ್ರತಿ ಸಲವೂ ಬಾಗಿಯೇ ಕೂರುತ್ತದೆ, ದಣಿವು ಅಲ್ಲಿಂದಲೇ ಆರಂಭ. ಆದ್ದರಿಂದ ತುದಿಗಳನ್ನು ಮತ್ತೆ ಎದುರುಬದುರಾಗಿ ನೆಟ್ಟಗೆ ಮಾಡಲೇಬೇಕು. ಡಿರೇಲರ್ ತೂಗುವ ಕೊಕ್ಕೆಯನ್ನೂ ನೋಡಿಸಬೇಕು. ಇದಕ್ಕೆ ಅಂಗಡಿಯಲ್ಲಿ ಬೇರೆ ಸಲಕರಣೆಯಿದೆ.

ಅಲ್ಯುಮಿನಿಯಂ ಫ್ರೇಮಿಗೆ ಈ ಪ್ರಯೋಗ ಬೇಡ. ಉಕ್ಕಿಗೆ ಎಷ್ಟು ಸಲ ಅಲುಗಿಸಿದರೂ ದಣಿಯದ ಒಂದು ಕೆಳಮಿತಿ ಇದೆ, ಅಲ್ಯುಮಿನಿಯಮ್ಮಿಗೆ ಅಂಥ ಮಿತಿ ಇಲ್ಲ. ಹದಮಾಡಿದ ಅದರ ಬೆಸುಗೆಗಳ ಹತ್ತಿರ ಬಿರುಕು ಹುಟ್ಟುತ್ತದೆ. ಕಾರ್ಬನ್ ನಾರಿನ ಫ್ರೇಮಿಗೆ ನಿಲ್ಲುವ ಬಾಗೇ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒಡೆಯುವುದು. ಉಕ್ಕಿನಲ್ಲೂ ಬಿಸಿಯಲ್ಲಿ ಹದಗೊಳಿಸಿದ ಬಲು ತೆಳು ಕೊಳವೆಯ ದುಬಾರಿ ಫ್ರೇಮುಗಳನ್ನು ಫ್ರೇಮ್ ಕಟ್ಟುವವರ ಕೈಗೇ ಒಪ್ಪಿಸಬೇಕು.

ಬಾಗಿಸಲು ಮನಸ್ಸಿಲ್ಲದವರಿಗೂ ದಾರಿಗಳಿವೆ. ವೆಲೊಡ್ರೋಮಿನ ಟ್ರ್ಯಾಕ್ ಸೈಕಲ್ಲುಗಳು ಇಂದಿಗೂ 120 ಮಿ.ಮೀ. ಹಬ್ಬನ್ನೇ ಬಳಸುತ್ತವೆ. ಒಂದೇ ಹಲ್ಲುಚಕ್ರ, ಓರೆಕಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಯಲು ಊರಿನ ಓಡಾಟಕ್ಕೆ ಇದಕ್ಕಿಂತ ಗಟ್ಟಿಯಾದ ಹಿಂಚಕ್ರ ಇನ್ನೊಂದಿಲ್ಲ. ಗೇರ್ ಬೇಕೇಬೇಕು ಎಂದರೆ, 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಶುರುವಾದ ಸ್ಟರ್ಮಿ ಆರ್ಚರ್ ಮಾದರಿಯ ಮೂರು ಗೇರಿನ ಹಬ್ಬಿದೆ. ಅದರಲ್ಲಿ ಗೇರುಗಳು ಹಬ್ಬಿನ ಹೊಟ್ಟೆಯೊಳಗೇ ಇರುತ್ತವೆ.

ಚಕ್ರದ ತಪ್ಪೋ, ಫ್ರೇಮಿನ ತಪ್ಪೋ

ಚಕ್ರ ಕೂತಿತು, ಆದರೆ ರಿಮ್ಮು ಒಂದು ಬದಿಗೆ ಹತ್ತಿರವಿದೆ ಎನ್ನಿ. ಯಾವುದನ್ನು ತಿದ್ದಬೇಕು? ಇದಕ್ಕೆ ಉಪಕರಣವೇ ಬೇಡ. ರಿಮ್ಮಿನ ಎಡ ಅಂಚಿಗೂ ಕವಲಿನ ಎಡ ಕೊಳವೆಗೂ ಇರುವ ತೆರಪನ್ನು ಅಳೆಯಿರಿ. ಚಕ್ರ ಬಿಚ್ಚಿ, ಎಡಬಲ ತಿರುಗಿಸಿ, ಚೈನ್ ಹಾಕದೆ ಹಾಗೇ ಕೂರಿಸಿ, ಅದೇ ಎಡ ಕೊಳವೆಯಿಂದ ಮತ್ತೆ ಅಳೆಯಿರಿ. ಎರಡು ಸಲವೂ ಒಂದೇ ಅಳತೆ ಬಂದರೆ ಚಕ್ರ ಸರಿಯಾಗಿದೆ, ವಾಲಿರುವುದು ಫ್ರೇಮು. ಮೊದಲು 20, ಆಮೇಲೆ 24 ಮಿ.ಮೀ. ಬಂದರೆ ಚಕ್ರದ ರಿಮ್ಮು ತನ್ನ ನಡುವಿನಿಂದ ಅದರ ಅರ್ಧದಷ್ಟು, ಎಂದರೆ 2 ಮಿ.ಮೀ., ಸರಿದಿದೆ. ತಿರುಗಿಸಿದಾಗ ಫ್ರೇಮಿನ ತಪ್ಪು ಇದ್ದಲ್ಲೇ ಇರುತ್ತದೆ, ಚಕ್ರದ ತಪ್ಪು ಬದಿ ಬದಲಿಸುತ್ತದೆ. ಚಕ್ರದ್ದಾದರೆ ಒಂದು ಬದಿಯ ನಿಪ್ಪಲುಗಳನ್ನೆಲ್ಲ ಒಂದೇ ಸಮ ಸಡಿಲಿಸಿ ಇನ್ನೊಂದು ಬದಿಯವನ್ನು ಬಿಗಿದು ತಿದ್ದಬಹುದು. ಫ್ರೇಮಿನದಾದರೆ ಚಕ್ರವನ್ನು ಮುಟ್ಟಬೇಡಿ.

28 ಎಂದರೆ ಎಷ್ಟು?

ಅಗಲದ ಮಾತಾಯಿತು. ಎತ್ತರದ್ದೂ ಒಂದು ಗೊಂದಲವಿದೆ. 1970ರ ಟೆನ್ ಸ್ಪೀಡಿಗೆ 27 ಇಂಚಿನ ಚಕ್ರ, ಈಗಿನದಕ್ಕೆ 700ಸಿ. ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ ಮೊದಲನೆಯದಕ್ಕೆ 630 ಮಿ.ಮೀ., ಎರಡನೆಯದಕ್ಕೆ 622. ಹೊಸ ಚಕ್ರ ಹಾಕಿದರೆ ರಿಮ್ಮು ಬ್ರೇಕಿನ ರಬ್ಬರಿಗಿಂತ 4 ಮಿ.ಮೀ. ಕೆಳಗೆ ಉಳಿಯುತ್ತದೆ. ಬ್ರೇಕಿನ ತೋಳಿನ ಸೀಳಿನಲ್ಲಿ ರಬ್ಬರನ್ನು ಅಷ್ಟು ಇಳಿಸಲು ಬಂದರೆ ಸರಿ, ಇಲ್ಲದಿದ್ದರೆ ಉದ್ದ ತೋಳಿನ ಬ್ರೇಕು ಬೇಕು.

ನಮ್ಮ ಊರುಗಳ ಕಪ್ಪು ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದಿರುತ್ತದೆ. ಅದರ ವ್ಯಾಸ 635. 700ಸಿ ಟೈರನ್ನೂ ಕೆಲವು ಕಡೆ 28 ಎಂದೇ ಮಾರುತ್ತಾರೆ, ಆದರೆ ಅದು 622. ಎರಡೂ 28, ಒಂದು ಇನ್ನೊಂದಕ್ಕೆ ಆಗುವುದಿಲ್ಲ. 26ರ ಕಥೆ ಇನ್ನೂ ದೊಡ್ಡದು: 26 × 1⅜ ಎಂದರೆ 590, ಎಂಟಿಬಿಯ 26 ಎಂದರೆ 559. ಇಂಚಿನ ಲೆಕ್ಕ ಗಾಳಿ ತುಂಬಿದ ಟೈರಿನ ಹೊರ ಅಳತೆಯಿಂದ ಹುಟ್ಟಿದ್ದು. ಟೈರು ತೆಳುವಾದರೆ ರಿಮ್ಮು ದೊಡ್ಡದು, ದಪ್ಪವಾದರೆ ಚಿಕ್ಕದು, ಹೆಸರು ಮಾತ್ರ ಅದೇ. ಟೈರಿನ ಪಕ್ಕದಲ್ಲಿ 40-635, 37-590 ಎಂಬಂತೆ ಅಚ್ಚಾಗಿರುವ ಜೋಡಿ ಸಂಖ್ಯೆಯಲ್ಲಿ ಎರಡನೆಯದನ್ನು ಮಾತ್ರ ನಂಬಿ.

ಕಪ್ಪು ಸೈಕಲ್ಲಿನಲ್ಲಿ ಇನ್ನೆರಡು ವಿಶೇಷಗಳಿವೆ. ಹಳೆಯ ಇಂಗ್ಲಿಷ್ ಪದ್ಧತಿಯಂತೆ ಅದಕ್ಕೆ ಮುಂದೆ 32, ಹಿಂದೆ 40 ಕಡ್ಡಿ. ಸಾಮಾನ್ಯವಾಗಿ ಸಿಗುವ 36 ತೂತಿನ ರಿಮ್ಮು ಅದರ ಹಿಂದಿನ ಹಬ್ಬಿಗೆ ಹೊಂದುವುದಿಲ್ಲ. ಇನ್ನೊಂದು, ಕಂಬಿಯ ಬ್ರೇಕು ರಿಮ್ಮಿನ ಪಕ್ಕವನ್ನು ಹಿಡಿಯದೆ ಒಳಮೈಯನ್ನು ಮೇಲಕ್ಕೆ ಒತ್ತುತ್ತದೆ. ಅದಕ್ಕೆ ಒಳಮೈ ಎರಡೂ ಅಂಚಿನಲ್ಲಿ ಉರುಟಾಗಿರುವ ವೆಸ್ಟ್‌ವುಡ್ ರಿಮ್ಮೇ ಆಗಬೇಕು. ಇಂಥ ಸೈಕಲ್ಲಿಗೆ ಪೂರ್ತಿ ಹೊಸ ಚಕ್ರ ಹುಡುಕುವ ಬದಲು ಹಳೆ ಹಬ್ಬನ್ನೇ ಉಳಿಸಿಕೊಂಡು, ಹೊಸ ರಿಮ್ಮು, ಹೊಸ ಕಡ್ಡಿ ಹಾಕಿ ಕಟ್ಟಿಸುವುದು ಮೇಲು. ಸಾಮಾನು ಇಂದಿಗೂ ಸಿಗುತ್ತದೆ. ಒಂದೇ ಹಲ್ಲುಚಕ್ರ, ನಲವತ್ತು ಕಡ್ಡಿ, ತೀರಾ ಕಡಿಮೆ ಓರೆಕಟ್ಟು. ಮೂಟೆಗಟ್ಟಲೆ ಹೊತ್ತು ಹಳ್ಳಿರಸ್ತೆಯಲ್ಲಿ ಆ ಚಕ್ರ ದಶಕಗಟ್ಟಲೆ ನಿಂತದ್ದಕ್ಕೆ ಕಾರಣ ಅಲ್ಲಿದೆ.

ಯಾವ ಸೈಕಲ್ಲಿಗಾದರೂ ಹೊಸ ಹಿಂಚಕ್ರ ಹಾಕಿಸಿದ ಮೇಲೆ ಅಂಗಡಿಗೆ ಇನ್ನೊಂದು ಸಲ ಹೋಗುವುದು ಬಾಕಿ ಇರುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ ಕಡ್ಡಿಗಳ ಮೊಣಕೈಗಳು ಬಿಲ್ಲೆಯ ತೂತುಗಳಲ್ಲಿ ಕಚ್ಚಿ ಕೂರುತ್ತವೆ, ಬಿಗಿ ಒಂದಿಷ್ಟು ಇಳಿಯುತ್ತದೆ. ಅಷ್ಟು ಓಡಿಸಿದ ಬಳಿಕ ಚಕ್ರವನ್ನು ಒಯ್ದು ನೋಡಿಸಿ; ಎಡಗಡೆಯ ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡುವಂತೆ ಹೇಳಿ.